ಕಿಟಾರಮ್ಮನ ಹನ್ನೊಂದು ಸಿನಿಮಾ

ಸ್ಟುಡಿಯೋದಲ್ಲಿ ಎಲ್ಲರೂ ಆಕೆಯನ್ನು ಕಿಟಾರಮ್ಮ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಚೆಂದದ್ದೇ ಇತ್ತು. ಆದರೆ ಅದನ್ನು ಕೂಗಿ ಕರೆಯುವವರು ಯಾರೂ ಇರಲಿಲ್ಲ. ಗಂಡನಿಗೆ "ಏ, ಇಲ್ನೋಡು" ಅಂದರೆ ಸಾಕಾಗುತ್ತಿತ್ತು, ಆಕೆಗೆ "ರೀ" ಅಂದರೆ ಸಾಕಾಗುತ್ತಿತ್ತು.

ಗಂಡ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವರು. ಮೂವತ್ತೆಂಟು ವರ್ಷ ಅದೇ ಕೋಣೆ, ಅದೇ ತಿರುಗುವ ಕಲ್ಲು, ಅದರ ಮೇಲೆ ತೊಟ್ಟಿಕ್ಕುವ ಅದೇ ನೀರು. ಬೆರಳ ತುದಿ ಯಾವಾಗಲೂ ನೆನೆದು ಸುಕ್ಕುಗಟ್ಟಿರುತ್ತಿತ್ತು. ಒಳ್ಳೆಯ ಮನುಷ್ಯ, ಮಹಾ ಪುಕ್ಕಲು. ಮಾಡಿನ ಮೇಲೆ ಬೆಕ್ಕು ಓಡಿದರೂ ಹೆಂಡತಿಯ ಭುಜ ಅಲ್ಲಾಡಿಸಿ "ಯಾರೋ ಬಂದ್ಹಾಗಿದೆ" ಅನ್ನುವ ಜೀವ. ಅಂಥವರ ಹೆಂಡತಿ ಜನರ ಎದೆ ನಡುಗಿಸಿ ಸಂಬಳ ತರುತ್ತಾಳೆ ಅನ್ನುವುದು ಬೀದಿಯವರಿಗೆಲ್ಲ ದೊಡ್ಡ ತಮಾಷೆಯಾಗಿತ್ತು.

ಆಕೆ ಸ್ಟುಡಿಯೋಗೆ ಸೇರಿದ್ದು ಕೂಗುವುದಕ್ಕಲ್ಲ, ಹೊಲಿಯುವುದಕ್ಕೆ. ಬಟ್ಟೆಬರೆ ಇಡುವ ಕೋಣೆಯಲ್ಲಿ ಮೂವರು ದರ್ಜಿಗಳ ನಡುವೆ ಇವಳೊಬ್ಬಳೇ ಹೆಂಗಸು. ಹರಿದ ಸೆರಗು, ಕಿತ್ತ ಗುಂಡಿ, ನಾಯಕಿ ದಪ್ಪಗಾದಾಗ ಬಿಚ್ಚಬೇಕಾದ ಹೊಲಿಗೆ, ಇದೇ ಕೆಲಸ. ಒಂದು ಮಧ್ಯಾಹ್ನ ಕಾದ ಇಸ್ತ್ರಿಪೆಟ್ಟಿಗೆ ಕೈಜಾರಿ ಪಾದದ ಮೇಲೆ ಬಿತ್ತು. ಆಕೆ ಕಿಟಾರನೆ ಕಿರುಚಿದ್ದು ಎರಡು ಗೋಡೆ ದಾಟಿ ಧ್ವನಿಮುದ್ರಣದ ಕೋಣೆಗೆ ಕೇಳಿಸಿತು. ಅಲ್ಲಿನ ಸೌಂಡಿನವರು ಕಿವಿಯ ಮೇಲಿದ್ದುದನ್ನು ಕಿತ್ತೆಸೆದು ಓಡಿ ಬಂದರು. ಪಾದ ಸುಟ್ಟಿತಾ ಅಂತಲೂ ಕೇಳಲಿಲ್ಲ. "ಇನ್ನೊಂದ್ಸಲ ಹೀಗೇ ಕೂಗೋಕಾಗುತ್ತಾ ನಿಂಗೆ?" ಅಂದರು.

ಆಗ ಅಲ್ಲೊಬ್ಬ ನಿರ್ಮಾಪಕರು ಕಡಿಮೆ ಖರ್ಚಿನಲ್ಲಿ ದೆವ್ವದ ಸಿನಿಮಾ ತೆಗೆಯುತ್ತಿದ್ದರು. ಸುತ್ತಮುತ್ತ ಎಲ್ಲರೂ ಬಣ್ಣಕ್ಕೆ ಹೊರಳುತ್ತಿದ್ದ ಕಾಲ. ಇವರು ಮಾತ್ರ "ದೆವ್ವಕ್ಕೆಂಥಾ ಬಣ್ಣ?" ಅಂತ ಕಪ್ಪುಬಿಳುಪಿನಲ್ಲೇ ಉಳಿದರು. ಅವರ ನಾಯಕಿಯರು ನೋಡುವುದಕ್ಕೆ ಚೆನ್ನಾಗಿದ್ದರು, ಅಳುತ್ತಿದ್ದರು, ನಗುತ್ತಿದ್ದರು. ಕಿರುಚು ಅಂದರೆ ಮಾತ್ರ ಇಲಿಮರಿಯ ಹಾಗೆ ಕೀಚ್ ಅನ್ನುತ್ತಿದ್ದರು. ಹಾಗಾಗಿ ಎಂಟು ವರ್ಷದಲ್ಲಿ ಹನ್ನೊಂದು ಸಿನಿಮಾಕ್ಕೆ ಈಕೆ ಕೂಗಿದಳು. ಗೋಡೆಗೆಲ್ಲ ರಜಾಯಿ ನೇತುಹಾಕಿದ್ದ ಕೋಣೆಯಲ್ಲಿ ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ಒಂದು ಲೋಟ ಬಿಸಿನೀರು ಕುಡಿದು, ಕೂಗಿ, ಮತ್ತೆ ಹೋಗಿ ಗುಂಡಿ ಹೊಲಿಯುತ್ತಿದ್ದಳು. ಪರದೆಯ ಮೇಲೆ ಒಮ್ಮೆಯೂ ಹೆಸರು ಬರಲಿಲ್ಲ. ಬರಬೇಕು ಅಂತ ಆಕೆ ಕೇಳಲೂ ಇಲ್ಲ.

ಮೊದಲ ಸಿನಿಮಾ ಬಂದಾಗ ಗಂಡಹೆಂಡಿರು ಜೊತೆಯಾಗಿ ನೋಡಲು ಹೋದರು. ಮುಕ್ಕಾಲು ಗಂಟೆ ಗಂಡ ಕುರ್ಚಿಯ ತೋಳು ಬಿಗಿಯಾಗಿ ಹಿಡಿದು ಕೂತಿದ್ದರು. ಅಷ್ಟರಲ್ಲಿ ಪರದೆಯ ಮೇಲಿನ ಹೆಣ್ಣು ಬಾಯಿ ತೆರೆದಳು, ಬಂದದ್ದು ಪಕ್ಕದಲ್ಲಿ ಕೂತ ಹೆಂಡತಿಯ ದನಿ. ಅವರು ಎದ್ದು, ಜನರ ಕಾಲು ತುಳಿದುಕೊಂಡು, ಆಚೆಯ ವರಾಂಡಕ್ಕೆ ಹೋಗಿ ನಿಂತುಬಿಟ್ಟರು. ಆಕೆ ಹಿಂದೆಯೇ ಬಂದು ನಕ್ಕಾಗ ಅವರಿಗೆ ನಗು ಬರಲಿಲ್ಲ. ದೆವ್ವಕ್ಕೆ ಹೆದರಲಿಲ್ಲ, ನಿನಗೇನೋ ಆಗೋಯ್ತು ಅನ್ನಿಸಿತು ಅಂದರು. ಆಮೇಲೆ ಹತ್ತು ಸಿನಿಮಾ ಬಂದವು, ಹೋದವು. ಅವರು ಒಂದನ್ನೂ ನೋಡಲಿಲ್ಲ.

ನಿರ್ಮಾಪಕರು ತೀರಿಕೊಂಡರು, ಸ್ಟುಡಿಯೋ ಮುಚ್ಚಿತು. ಆಕೆ ಮನೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡಳು. ಮಗಳು ಹುಟ್ಟಿದಳು, ಬೆಳೆದಳು, ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದಳು, ಮದುವೆಯಾಗಿ ನಾಲ್ಕು ಬೀದಿ ಆಚೆ ಮನೆ ಮಾಡಿದಳು. ಕಿಟಾರಮ್ಮ ಅನ್ನುವ ಹೆಸರೂ ಸ್ಟುಡಿಯೋದ ಜೊತೆಗೇ ಸವೆದುಹೋಯಿತು. ನಡುವೆ ವಿಶೇಷವೇನೂ ನಡೆಯಲಿಲ್ಲ. ಗಂಡನಿಗೆ ಈಗ ನೆನೆದರೆ ಆ ಏನೂ ನಡೆಯದ ವರ್ಷಗಳೇ ಬದುಕಿನ ಸುಖದ ಭಾಗ ಅನ್ನಿಸುತ್ತದೆ.

ಅರವತ್ಮೂರನೇ ವಯಸ್ಸಿಗೆ ಆಕೆಯ ಗಂಟಲು ಕಟ್ಟಿತು. ಶೀತ ಅಂದುಕೊಂಡರು. ಎರಡು ತಿಂಗಳಾದರೂ ಬಿಡಲಿಲ್ಲ. ಡಾಕ್ಟರು ಸಣ್ಣ ಕನ್ನಡಿ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಆಮೇಲೆ ಗಂಡಹೆಂಡಿರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಿಷಯ ಹೇಳಿದರು. ಧ್ವನಿಪೆಟ್ಟಿಗೆ ತೆಗೆಯಬೇಕು. ತೆಗೆದರೆ ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಗಂಡ ಕೌಂಟರಿನ ಹತ್ತಿರ ನಿಂತು ಫಾರಂ ತುಂಬುತ್ತಿದ್ದರು. ಯಾವ ಸಾಲಿನಲ್ಲಿ ಸಹಿ, ಯಾವ ಸಾಲಿನಲ್ಲಿ ವಿಳಾಸ ಅಂತ ತಡಕಾಡುವುದರಲ್ಲಿ ಹತ್ತು ನಿಮಿಷ ಕಳೆಯಿತು. ಓಡಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಏನಾದರೂ ಅಂದಳಾ ಅಂತ ಆಮೇಲೆ ನರ್ಸನ್ನು ಕೇಳಿದರು. ಆ ಹುಡುಗಿ ಪಾಪ ನೆನಪು ಮಾಡಿಕೊಂಡು ಹೇಳಿದಳು: "ನನ್ನ ಕೋಟಿನ ಗುಂಡಿ ಸಡಿಲಾಗಿದೆ, ಬಿದ್ದುಹೋಗುತ್ತೆ, ಒಂದು ದಾರ ಹಾಕ್ಕೋ ಅಂದ್ರು ಸಾರ್." ನಲವತ್ತೊಂದು ವರ್ಷ ಜೊತೆಗಿದ್ದವಳ ಕೊನೆಯ ಮಾತು ಒಂದು ಗುಂಡಿಯ ವಿಷಯ, ಅದೂ ಬೇರೆಯವರ ಪಾಲಾಯಿತು. ಅವರು ನರ್ಸಿನ ಕೋಟನ್ನೇ ನೋಡುತ್ತ ನಿಂತರು. ಗುಂಡಿ ನಿಜಕ್ಕೂ ಸಡಿಲಾಗಿತ್ತು.

ಆಕೆ ಮನೆಗೆ ಬಂದಳು. ಕುತ್ತಿಗೆಯಲ್ಲೊಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಉಸಿರು ಅಲ್ಲಿಂದಲೇ. ಪಿಸುಮಾತೂ ಇಲ್ಲ, ನಿಟ್ಟುಸಿರಿಗೂ ಬಾಯಿಯಿಲ್ಲ. ಕುತ್ತಿಗೆಗೆ ಒತ್ತಿ ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಎರಡು ದಿನ ಪ್ರಯತ್ನ ಮಾಡಿ ಡಬ್ಬಿಗೆ ಸೇರಿಸಿದಳು. ಮಗಳು ತಂದುಕೊಟ್ಟ ಸ್ಲೇಟಿನ ಮೇಲೆ "ಡಬ್ಬದಲ್ಲಿ ಸೊಳ್ಳೆ ಸಿಕ್ಕಿಕೊಂಡ ಹಾಗಿದೆ" ಅಂತ ಬರೆದು ತೋರಿಸಿದಳು. ಆ ಸ್ಲೇಟೇ ಆಕೆಯ ಬಾಯಿಯಾಯಿತು. ಸಿಟ್ಟು ಬಂದರೆ ಬಳಪ ಮುರಿಯುತ್ತಿತ್ತು, ಅಷ್ಟೇ ವ್ಯತ್ಯಾಸ.

ಅವರಿಗೆ ಮನೆಯ ಮೌನ ಅಭ್ಯಾಸವಾಗಲಿಲ್ಲ. ಹೆಂಡತಿ ಎದುರಿಗೇ ಕೂತಿದ್ದರೂ ಯಾರೋ ಊರಿಗೆ ಹೋದ ಹಾಗೆ ಅನ್ನಿಸುತ್ತಿತ್ತು. ಒಂದು ದಿನ ಮಗಳ ಹತ್ತಿರ ಸಂಕೋಚದಿಂದಲೇ ಕೇಳಿದರು, ಅಮ್ಮನ ದನಿ ಎಲ್ಲಾದರೂ ಇದೆಯಾ ಅಂತ. ಮಗಳು ತನ್ನ ಮದುವೆಯ ವಿಡಿಯೋ ಹುಡುಕಿ ತಂದಳು. ಮೂರು ಗಂಟೆಯ ವಿಡಿಯೋ, ಉದ್ದಕ್ಕೂ ವಾದ್ಯದ ಸದ್ದು. ಆಕೆ ನಗುತ್ತಾಳೆ, ಯಾರಿಗೋ ಕೈ ಬೀಸಿ ಏನೋ ಹೇಳುತ್ತಾಳೆ, ಕೇಳಿಸುವುದು ಬರೀ ತುತ್ತೂರಿ. ಮಗಳು ಟಿವಿ ಆರಿಸಿದಳು.

"ಅಪ್ಪಾ, ಅಮ್ಮನ ದೆವ್ವದ ಸಿನಿಮಾ ಇವೆಯಲ್ಲಾ," ಅಂದಳು.

ಹೀಗೆ ಬೆಕ್ಕಿಗೆ ಹೆದರುವ ಮನುಷ್ಯ ದೆವ್ವದ ಸಿನಿಮಾ ಹುಡುಕಿಕೊಂಡು ಹೊರಟರು.

ಬಸ್ ನಿಲ್ದಾಣದ ಹಿಂದೆ ಹಳೇ ಕ್ಯಾಸೆಟ್ಟು, ಡಿಸ್ಕು ಮಾರುವ ಕಿರಿದಾದ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಅಂಗಡಿಯವನು ನಲವತ್ತರ ಆಸುಪಾಸಿನವನು, ಹಳೇ ಸಿನಿಮಾ ಅಂದರೆ ಊಟ ಬಿಡುವ ಆಸಾಮಿ. ಇವರು ಹನ್ನೊಂದು ಸಿನಿಮಾದ ಹೆಸರು ಬರೆದ ಚೀಟಿ ಕೊಟ್ಟಾಗ ಕಣ್ಣರಳಿಸಿದ. ದೆವ್ವದ ಸಿನಿಮಾವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಅಂತ ಅಲ್ಲೇ ನಿಂತು ಪಾಠ ಮಾಡಿದ.

"ಯೋಚನೆ ಮಾಡಿ ತಗೋಬೇಕು ಸಾರ್. ದೆವ್ವ ತೋರಿಸಿಬಿಡೋ ಸಿನಿಮಾ ಒಂದ್ಸಲ ನೋಡೋಕೆ. ದೆವ್ವ ತೋರಿಸ್ದೇ ಇರೋದನ್ನ ಮನೇಲಿಟ್ಕೊಳ್ಳಿ, ಹತ್ತು ಸಲ ನೋಡಿದ್ರೂ ಮುಗಿಯಲ್ಲ. ಬಣ್ಣ ಇದ್ರೆ ರಕ್ತ ಕಾಣುತ್ತೆ, ಕಪ್ಪುಬಿಳುಪಲ್ಲಿ ಬರೀ ನೆರಳು ಕಾಣುತ್ತೆ. ರಕ್ತಕ್ಕಿಂತ ನೆರಳು ವಾಸಿ."

ಇವರು ತಮಗೆ ದೆವ್ವ ಬೇಡ, ಕಿರುಚುವವಳು ಬೇಕು ಅಂದರು. ಯಾಕೆ ಅಂತ ಹೇಳಿದ ಮೇಲೆ ಆತ ಚೀಟಿಯನ್ನು ಇನ್ನೊಮ್ಮೆ ಓದಿದ. ಆಮೇಲೆ ಅಟ್ಟದ ಏಣಿ ಹತ್ತಿದ.

ಒಂದೊಂದಾಗಿ ಸಿಕ್ಕವು. 'ಬಾಡಿಗೆ ನೆರಳು' ಮೊದಲು ಬಂತು, ಆಮೇಲೆ 'ಮೇಣದ ಬೆರಳು', 'ಕೀಲಿ ಇಲ್ಲದ ಕೋಣೆ'. ಮಧ್ಯಾಹ್ನದ ಊಟವಾದ ಮೇಲೆ ಕಿಟಕಿ ಪರದೆಗಳನ್ನೆಲ್ಲ ಸರಿಸಿ, ಬಿಸಿಲು ಒಳಗೆ ಬಿಟ್ಟುಕೊಂಡು, ಅವರು ಡಿಸ್ಕು ಹಾಕುತ್ತಿದ್ದರು. ಆಕೆ ಪಕ್ಕದಲ್ಲಿ ಸೂಜಿದಾರ ಹಿಡಿದು ಕೂರುತ್ತಿದ್ದಳು. ಮೊದಮೊದಲು ಆಕೆಗೆ ಇದು ಬೇಸರವೇ. "ಸತ್ತವಳ ಹಾಗೆ ನನ್ನ ಹುಡುಕ್ತಿದ್ದೀರಿ" ಅಂತ ಒಮ್ಮೆ ಬರೆದಿದ್ದಳು. ಅವರು ಅದನ್ನು ಓದಿ ಎದ್ದು ಅಡುಗೆಮನೆಗೆ ಹೋದರು. ವಾಪಸ್ಸು ಬರುವಷ್ಟರಲ್ಲಿ ಆಕೆ ಅದನ್ನು ಒರೆಸಿ, "ಹಾಕಿ, ನೋಡೋಣ" ಅಂತ ಬರೆದಿಟ್ಟಿದ್ದಳು.

ಆಮೇಲೆ ಆಕೆಗೂ ಹುರುಪು ಬಂತು. ಯಾವ ಕೂಗಿನ ದಿನ ಏನಾಯಿತು ಅಂತ ಸ್ಲೇಟು ತುಂಬ ಬರೆಯುತ್ತಿದ್ದಳು. ಇದನ್ನು ಕೂಗುವಾಗ ಬಿಕ್ಕಳಿಕೆ ಹತ್ತಿತ್ತು. ಇದು ಬೆಳಿಗ್ಗೆ ಏಳು ಗಂಟೆಗೆ, ಹೊಟ್ಟೆಗೆ ಏನೂ ಇರಲಿಲ್ಲ. ಇದಕ್ಕೆ ನಿರ್ಮಾಪಕರೇ ಹೆದರಿ ಚಹಾ ಚೆಲ್ಲಿಕೊಂಡರು. ಒಮ್ಮೆ ಅವರು ಬಹಳ ಆಸೆಯಿಂದ ಪಟ್ಟಿಯಲ್ಲಿಲ್ಲದ ಸಿನಿಮಾವೊಂದನ್ನು ತಂದು, ಇದರಲ್ಲೂ ನೀನೇ ಅಂತ ವಾದಕ್ಕೆ ನಿಂತರು. ಆಕೆ ಕೇಳಿ ಮೂಗು ಮುರಿದಳು. "ನಾನಲ್ಲ. ಇವಳಿಗೆ ನೆಗಡಿ" ಅಂತ ಬರೆದಳು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಕೆಯ ಭುಜವೂ ಕುಲುಕಿತು, ಸದ್ದು ಮಾತ್ರ ಬರಲಿಲ್ಲ.

ಅವರು ಒಂದು ನೋಟ್ ಪುಸ್ತಕ ಮಾಡಿಕೊಂಡರು. ಕನ್ನಡಕದ ನಂಬರು ಬರೆಯುವ ಅದೇ ಸಣ್ಣ ಅಕ್ಷರದಲ್ಲಿ ಸಿನಿಮಾದ ಹೆಸರು, ಕೂಗು ಎಷ್ಟನೇ ನಿಮಿಷಕ್ಕೆ, ಇಟ್ಟುಕೊಳ್ಳಲು ಯೋಗ್ಯವೋ ಅಲ್ಲವೋ ಅಂತ. 'ಮೇಣದ ಬೆರಳು' ಯೋಗ್ಯ: ಮೆಟ್ಟಿಲಿನ ಮೇಲೆ ದೀಪ ತಾನಾಗಿ ಇಳಿದು ಬರುವುದು ಚೆನ್ನಾಗಿದೆ. 'ಬಾಡಿಗೆ ನೆರಳು' ಅರ್ಧ ಯೋಗ್ಯ: ಕೊನೆಗೆ ದೆವ್ವ ತೋರಿಸಿ ಕೆಡಿಸಿದ್ದಾರೆ, ದೆವ್ವದ ಕೈಯಲ್ಲಿ ಗಡಿಯಾರ ಕಾಣುತ್ತದೆ. ಗೊತ್ತಿಲ್ಲದೆಯೇ ಅವರಿಗೆ ಆ ಸಿನಿಮಾಗಳ ರುಚಿ ಹತ್ತಿತ್ತು. ಗಾಜು ಉಜ್ಜಿದ ಕಣ್ಣು, ಬೆಳಕು ಎಲ್ಲಿಂದ ಬಿದ್ದಿದೆ ಅಂತ ತಕ್ಷಣ ಹೇಳಿಬಿಡುತ್ತಿತ್ತು. ಹೆದರಿಕೆ ಮಾತ್ರ ಹೋಗಿರಲಿಲ್ಲ. ಪ್ರತಿ ಕೂಗಿಗೂ ಪಕ್ಕಕ್ಕೆ ತಿರುಗಿ, ಆಕೆ ಅಲ್ಲೇ ಇದ್ದಾಳಾ ಅಂತ ನೋಡಿಕೊಳ್ಳುತ್ತಿದ್ದರು.

ಹತ್ತು ಸಿಕ್ಕವು. ಆರನೆಯದು, 'ಬತ್ತಿದ ಕೊಳ', ಎಲ್ಲೂ ಸಿಗಲಿಲ್ಲ. ಹೋಗಲಿ ಬಿಡು ಅನ್ನುವ ಹೊತ್ತಿಗೆ ಆಕೆ ಬರೆದಳು: "ಅದರಲ್ಲಿ ಮಾತಾಡಿದ್ದೀನಿ."

ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಏನು ಮಾತು, ಎಷ್ಟು ಮಾತು ಅಂತ ಪೀಡಿಸಿದರು. ಒಂದೇ ಸಾಲು, ಸಿಕ್ಕಾಗ ಕೇಳಿ ಅಂತ ಬರೆದು ಆಕೆ ಸ್ಲೇಟು ಮಗುಚಿಟ್ಟಳು.

ಒಂಬತ್ತು ತಿಂಗಳು ಹುಡುಕಿದರು. ಅಂಗಡಿಯವನು ಗೊತ್ತಿದ್ದವರಿಗೆಲ್ಲ ಫೋನು ಮಾಡಿದ. ಆ ನಡುವೆ ಆಕೆಗೆ ಕೆಮ್ಮು ಶುರುವಾಯಿತು. ಡಾಕ್ಟರು ಎದೆಯ ಚಿತ್ರ ತೆಗೆಸಿ, ಈ ಸಲ ಮಗಳನ್ನು ಮಾತ್ರ ಒಳಗೆ ಕರೆದು ಮಾತಾಡಿದರು. ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಹೊರಗೆ ಬಂದ ಮಗಳ ಮುಖ ನೋಡಿಯೇ ಆಕೆಗೆ ತಿಳಿಯಿತು. ಮನೆಗೆ ಹೋಗೋಣ ಅಂತ ಕೈಸನ್ನೆ ಮಾಡಿದಳು.

ಕಡೆಗೆ ನಿರ್ಮಾಪಕರ ತಮ್ಮನ ಮನೆಯಲ್ಲಿ ಒಂದು ಹಳೇ ಟೇಪು ಇದೆ ಅಂತ ಸುದ್ದಿ ಬಂತು. ಅಂಗಡಿಯವನು ತಾನೇ ಹೋಗಿ, ಬೇಡಿ, ಅದನ್ನು ಡಿಸ್ಕಿಗೆ ಇಳಿಸಿಕೊಂಡು ಬಂದ. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ಆ ಹೊತ್ತಿಗೆ ಆಕೆ ಮಂಚ ಬಿಟ್ಟು ಏಳುತ್ತಿರಲಿಲ್ಲ. ಮಗಳು, ಅವರು ಸೇರಿ ಟಿವಿಯನ್ನು ಮಲಗುವ ಕೋಣೆಗೆ ಸಾಗಿಸಿದರು. ಚಿತ್ರದ ಮೇಲೆ ಅಲ್ಲಲ್ಲಿ ಗೀರು ಬಿದ್ದಿತ್ತು, ಸದ್ದಿನಲ್ಲಿ ಜೊಂಯ್ ಅನ್ನುವ ಗುಂಗು. ಕಥೆ ಸರಳ. ತಾಯಿ ಸತ್ತ ಮನೆಯಲ್ಲಿ ಮಗನೊಬ್ಬನೇ ಇರುತ್ತಾನೆ. ಹಿತ್ತಲಿನ ಕೊಳ ಬತ್ತಿದೆ. ಅವನು ದೀಪ ಹಿಡಿದು ಅಡುಗೆಮನೆ ದಾಟುತ್ತಾನೆ. ಒಲೆ ಆರಿದೆ, ಮಣೆ ಖಾಲಿ, ಗೋಡೆಯ ಮೇಲೆ ಯಾರದೂ ನೆರಳಿಲ್ಲ. ಆಗ ಕತ್ತಲೆಯಿಂದ ಒಂದು ಹೆಣ್ಣುದನಿ, ಮೆಲ್ಲಗೆ:

"ಊಟ ಆಯ್ತಾ?"

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವರು ರಿಮೋಟು ಹಿಡಿದ ಕೈ ಹಾಗೇ ಗಾಳಿಯಲ್ಲಿತ್ತು. ಪರದೆಯ ಮೇಲಿನ ಮಗ ದೀಪ ಕೆಡವಿ ಓಡುತ್ತಿದ್ದ. ಜನ ಹೆದರಬೇಕಾದ ಜಾಗ ಅದು. ಆ ಕೋಣೆಯಲ್ಲಿದ್ದ ಮೂವರಿಗೂ ಅದು ದಿನಾ ಕೇಳುತ್ತಿದ್ದ ಮಾತು, ಎರಡು ವರ್ಷದ ಹಿಂದೆ ನಿಂತುಹೋದ ಮಾತು.

ಆಕೆ ಸ್ಲೇಟಿಗೆ ಕೈ ಚಾಚಿದಳು. ಬಹಳ ಹೊತ್ತು ತೆಗೆದುಕೊಂಡು, ಅಕ್ಷರ ಸೊಟ್ಟಗಾಗುತ್ತ, ಬರೆದಳು. ಹೆದರಿಕೆ ಬರೋ ಹಾಗೆ ಹೇಳು ಅಂತ ಸೌಂಡಿನವರು ಹನ್ನೆರಡು ಸಲ ಹೇಳಿಸಿದರಂತೆ. ಎಷ್ಟು ಸಲ ಹೇಳಿದರೂ ಮನೆಯಲ್ಲಿ ಕೇಳಿದ ಹಾಗೇ ಬಂತಂತೆ. ಕೊನೆಗೆ ಅವರು ಕೈಚೆಲ್ಲಿ ಇದೇ ಇರಲಿ ಅಂದರಂತೆ. ಅದರ ಕೆಳಗೆ ಜಾಗ ಉಳಿದಿರಲಿಲ್ಲ. ಅಂಚಿನಲ್ಲಿ ಸಣ್ಣದಾಗಿ ಸೇರಿಸಿದಳು: "ನಿಮ್ಮನ್ನೇ ನೆನೆಸ್ಕೊಂಡು ಹೇಳಿದ್ದೆ. ಅದಕ್ಕೇ ಕೆಟ್ಟಿತು."

ಮೂರು ವಾರದ ಮೇಲೆ, ಒಂದು ಮುಂಜಾನೆ, ಮಗಳು ಗಂಜಿ ಕಾಯಿಸುತ್ತಿದ್ದಾಗ ಆಕೆ ಹೋದಳು. ಅವರು ಪಕ್ಕದಲ್ಲೇ ಕೂತಿದ್ದರು. ಸದ್ದೇ ಇಲ್ಲದೆ ಹೋದದ್ದರಿಂದ ಯಾವ ಗಳಿಗೆ ಅಂತ ಅವರಿಗೆ ಸರಿಯಾಗಿ ಹೇಳಲಾಗಲಿಲ್ಲ. ಕುತ್ತಿಗೆಯ ಮೇಲಿನ ಬಟ್ಟೆ ಅಲುಗುವುದು ನಿಂತಿದೆ ಅಂತ ಕಂಡಾಗ ಕಿಟಕಿಯಲ್ಲಿ ಬೆಳಕಾಗಿತ್ತು.

ಆಮೇಲಿನ ದಿನಗಳಲ್ಲಿ ಅವರು 'ಬತ್ತಿದ ಕೊಳ' ಒಂದನ್ನೇ ಹಾಕುತ್ತಿದ್ದರು. ಇಡೀ ಸಿನಿಮಾ ಅಲ್ಲ. ಐವತ್ತೆರಡನೇ ನಿಮಿಷಕ್ಕೆ ತಂದು, ಆ ಮಾತು ಕೇಳಿ, ಹಿಂದಕ್ಕೆ ಒಯ್ದು, ಮತ್ತೆ ಕೇಳುತ್ತಿದ್ದರು. "ಆಯ್ತು" ಅಂತ ಉತ್ತರವನ್ನೂ ಕೊಡುತ್ತಿದ್ದರು. ಎಷ್ಟೋ ಸಲ ಆಗಿರುತ್ತಿರಲಿಲ್ಲ. ಮಗಳು ಬಂದು ನೋಡಿದರೆ ಅವಳು ಬೆಳಿಗ್ಗೆ ಇಟ್ಟುಹೋದ ಡಬ್ಬಿ ಮುಚ್ಚಳ ತೆಗೆಯದೆ ಇರುತ್ತಿತ್ತು. ಅವಳು ತಟ್ಟೆಗೆ ಬಡಿಸಿ, ಟಿವಿಯ ಮುಂದೆಯೇ ಕೂತು ಜೊತೆಗೆ ಉಣ್ಣುತ್ತಿದ್ದಳು.

ಒಂದು ದಿನ ಅವರಿಗೆ ಇನ್ನೊಂದು ಭಯ ಹುಟ್ಟಿತು. ಅಂಗಡಿಯಿಂದ ಮನೆಗೆ ಬರುವಾಗ ಆಕೆ ಬಾಗಿಲಲ್ಲಿ ಹೇಗೆ ಕೇಳುತ್ತಿದ್ದಳು ಅಂತ ನೆನೆಸಿಕೊಂಡರು. ಬಂದದ್ದು ಸಿನಿಮಾದ ದನಿ. ಜಗಳವಾಡಿದ ಮರುದಿನ, ಮುಖ ತಿರುಗಿಸಿಕೊಂಡೇ ಹೇಗೆ ಕೇಳುತ್ತಿದ್ದಳು? ಅದೇ ಸಿನಿಮಾದ ದನಿ. ಜ್ವರ ಬಂದಾಗ? ಮಗಳು ಪರೀಕ್ಷೆಯಲ್ಲಿ ಪಾಸಾದ ದಿನ? ಎಲ್ಲಕ್ಕೂ ಅದೇ, ಜೊಂಯ್ ಅನ್ನುವ ಗುಂಗಿನ ಸಮೇತ. ಆಕೆ ಒಂದೇ ಮಾತನ್ನು ಸಾವಿರ ಬಗೆಯಲ್ಲಿ ಕೇಳಿದವಳು. ಈ ಒಂದು ಬಂದು ಉಳಿದದ್ದನ್ನೆಲ್ಲ ನುಂಗುತ್ತ ಕೂತಿತ್ತು. ಹನ್ನೊಂದು ಸಿನಿಮಾ ನೋಡಿಯೂ ಅವರಿಗೆ ಇಷ್ಟು ಹೆದರಿಕೆ ಆಗಿರಲಿಲ್ಲ.

ಸಂಜೆ ಮಗಳ ಮನೆಗೆ ನಡೆದು ಹೋಗಿ ಡಿಸ್ಕನ್ನು ಅವಳ ಕೈಗಿಟ್ಟರು. ಉಳಿದ ಹತ್ತು ತಮ್ಮ ಹತ್ತಿರವೇ ಇರಲಿ ಅಂದರು. ಮಗಳು ಕಾರಣ ಕೇಳಿದಳು.

"ನಾನು ಕೇಳಿದ್ರೂ ಕೊಡಬೇಡಮ್ಮ," ಅಂದರು. "ಕೊಟ್ರೆ ಅವಳನ್ನ ಪೂರ್ತಿ ಮರೆತುಬಿಡ್ತೀನಿ."

ಮಗಳಿಗೆ ಅರ್ಥವಾಯಿತೋ ಇಲ್ಲವೋ. ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿಟ್ಟು ಬೀಗ ಹಾಕಿದಳು.

ಎರಡು ತಿಂಗಳು ಏನೂ ನೆನಪಾಗಲಿಲ್ಲ. ನೆನಪು ಮಾಡಿಕೊಳ್ಳಲು ಕೂತಷ್ಟೂ ಖಾಲಿ. ಆ ದಿನಗಳಲ್ಲಿ ಅವರು ತೀರಾ ಇಳಿದುಹೋಗಿದ್ದರು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಗಳ ಬಲವಂತಕ್ಕೆ ಬೀದಿ ಕೊನೆಯ ದರ್ಜಿಯ ಹತ್ತಿರ ಸಣ್ಣದು ಮಾಡಿಸಲು ಹೋದರು. ಈ ನಲವತ್ತಮೂರು ವರ್ಷದಲ್ಲಿ ಅವರ ಬಟ್ಟೆಗೆ ಹೊರಗಿನವರ ಸೂಜಿ ತಾಗಿದ್ದಿಲ್ಲ. ದರ್ಜಿ ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ನಾಲ್ಕೈದು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡು, ಬಗ್ಗಿ ಕಾಲಿನ ಮಡಿಕೆಗೆ ಚುಚ್ಚತೊಡಗಿದ. ನಡುವೆ ತುಟಿ ಬಿಚ್ಚದೆಯೇ ಏನೋ ಕೇಳಿದ. ಉದ್ದ ಸಾಕಾ ಅಂತಲೋ ಏನೋ, ಮೂಗಿನಲ್ಲೇ ಗೊಣಗಿದ ಹಾಗಿತ್ತು.

ಅವರಿಗೆ ತಟ್ಟನೆ ಕೇಳಿಸಿತು. ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು, ತಲೆಯನ್ನೂ ಎತ್ತದೆ ಆಕೆ ಅದೇ ಮಾತನ್ನು ಕೇಳುತ್ತಿದ್ದುದು. ಅಕ್ಷರ ಒಂದೂ ಇಲ್ಲ, "ಊಂ ಊಂಊಂ?" ಅಂತ ಬರೀ ಏರಿಳಿತ. ಅವರೂ ಹಾಗೇ ಬಾಯಿ ಮುಚ್ಚಿಕೊಂಡು "ಊಂಊಂ" ಅಂತ ಉತ್ತರ ಕೊಟ್ಟು ಕೈಕಾಲು ತೊಳೆಯಲು ಹೋಗುತ್ತಿದ್ದರು. ಅದರಲ್ಲಿ ಸಿನಿಮಾ ಇರಲಿಲ್ಲ.

ಸ್ಟೂಲಿನ ಮೇಲೆ ನಿಂತಲ್ಲೇ ಅವರ ಕೆನ್ನೆ ಒದ್ದೆಯಾಯಿತು. ದರ್ಜಿ ಕತ್ತೆತ್ತಿ ನೋಡಿ ಗಾಬರಿಯಾದ. ಸೂಜಿಗಳನ್ನು ಅಂಗೈಗೆ ಉಗುಳಿಕೊಂಡು, "ಚುಚ್ತಾ ಸಾರ್?" ಅಂದ.

ವಿವರಿಸುವುದು ಉದ್ದದ ಮಾತಾಗುತ್ತಿತ್ತು. ಅವರು ಹೂಂ ಅಂದರು.